ರೈಫಲ್ ಬೇಡ, ತೋಟೆ ಕೋವಿ ಕೇಳಿ

ಬೆಳೆ ರಕ್ಷಣೆಗೆ ಬೋಲ್ಟ್ ಆಕ್ಷನ್ ರೈಫಲಿನ ಲೈಸೆನ್ಸ್ ಕೊಡಬೇಕು ಅಂತ ಡಿಸಿಯವರ ಹೆಸರಿಗೆ ಬರೆದ ಒಂದು ಮನವಿ ನಮ್ಮ ಅಂಕೋಲಾ ಕಡೆ ಊರೂರು ತಿರುಗ್ತಾ ಅದೆ. ಕಾರವಾರ ತಾಲೂಕಿನಲ್ಲೂ ಕೆಲವರು ಸಹಿ ಹಾಕಿದ್ದಾರಂತೆ. ನಾನು ಹಾಕಿಲ್ಲ. ಹಾಕದೆ ಇದ್ದದ್ದಕ್ಕೆ "ಇವರು ಫಾರೆಸ್ಟಿನವರ ಪಾರ್ಟಿ" ಅಂತ ಮಾತು ಬಂದದೆ. ಹಂದಿ ನನ್ನ ಗೆಣಸನ್ನೂ ತಿಂದದೆ, ಶೇಂಗಾವನ್ನೂ ಬಿಟ್ಟಿಲ್ಲ, ಮಂಗ ಎಳನೀರು ಕುಡಿದು ಬುರುಡೆ ನನ್ನ ಅಂಗಳಕ್ಕೇ ಬಿಸಾಡ್ತದೆ. ಯಾರ ಪಾರ್ಟಿ ಅಂತ ಹಂದಿ ಕೇಳೋದಿಲ್ಲ. ಸಹಿ ಹಾಕದ ಕಾರಣ ಬೇರೆ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ.

ಮನವಿಯಲ್ಲಿ ಏನದೆ ಅಂದ್ರೆ, .30-06 ರೈಫಲ್ ಬೇಕು, ಅದರ ಟ್ವಿಸ್ಟ್ ಹತ್ತು ಇಂಚಿಗೆ ಒಂದು ಸುತ್ತು ಇರಬೇಕು, ಗುಂಡು 180 ಗ್ರೇನ್ ಸಾಫ್ಟ್ ನೋಸ್ ಆಗಬೇಕು. ನಮ್ಮ ಹುಡುಗರು ಬುದ್ಧಿವಂತರು, ಸುಳ್ಳು ಏನೂ ಬರೆದಿಲ್ಲ. ಆದ್ರೆ ಅದು ಯೂಟ್ಯೂಬಿನಲ್ಲಿ ಅಮೆರಿಕದವನು ಹೇಳುವ ಮಾತು. ಅವನು ಒಂದು ಗುಡ್ಡದ ಮೇಲೆ ಮಲಗಿ ಎದುರು ಗುಡ್ಡದ ಜಿಂಕೆಗೆ ಮುನ್ನೂರು ಗಜದಿಂದ ಗುರಿ ಇಡ್ತಾನೆ. ಅವನಿಗೆ ಅಲ್ಲಿ ಬೇಟೆಗೆ ಪರವಾನಗಿ ಅದೆ, ಸೀಸನ್ ಅದೆ, ಅಂಗಡಿಯಲ್ಲಿ ಐವತ್ತು ನಮೂನೆ ಗುಂಡು ಸಿಗ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯಿಂದ ಶೋಕಿ ಬೇಟೆಯ ಲೈಸೆನ್ಸಿನ ಬಾಗಿಲೂ ಮುಚ್ಚಿತು. ಬೇಟೆಯೇ ಇಲ್ಲದ ದೇಶದಲ್ಲಿ ಬೇಟೆ ರೈಫಲಿನ ಗುಂಡು ಆರಿಸುವ ಚರ್ಚೆ ನಾವು ಮಾಡ್ತಾ ಇದ್ದೇವೆ.

ಆದರೂ ಈ ಟ್ವಿಸ್ಟ್ ಅಂದ್ರೆ ಏನು ಅಂತ ಮೊದಲು ಸರಿಯಾಗಿ ತಿಳಿಯುವ. ಅದು ತಿಳಿದ ಮೇಲೆ ನಮಗೆ ಯಾಕೆ ಬೇಡ ಅನ್ನೋದೂ ತಿಳೀತದೆ.

ಕವಣೆಯಲ್ಲಿ ಉರುಟು ಕಲ್ಲು ಬೀಸಿದರೆ ಅದು ನೆಟ್ಟಗೆ ಹೋಗ್ತದೆ. ಒನಕೆ ಎತ್ತಿ ಎಸೆದರೆ? ಪಲ್ಟಿ ಹೊಡೀತಾ ಹೋಗಿ ಎಲ್ಲೋ ಬೀಳ್ತದೆ. ಉರುಟು ಕಲ್ಲಿಗೆ ಮುಂದೆ ಹಿಂದೆ ಅಂತ ಇಲ್ಲ, ಒನಕೆಗೆ ಅದೆ. ರೈಫಲಿನ ಗುಂಡು ಒನಕೆಯ ಜಾತಿ, ಉದ್ದ, ಮುಂದೆ ಚೂಪು. ಅದು ಪಲ್ಟಿ ಹೊಡೆಯದೆ ಇರಬೇಕಾದ್ರೆ ಬುಗುರಿಯ ಹಾಗೆ ತಿರುಗ್ತಾ ಹೋಗಬೇಕು. ಅದಕ್ಕೇ ನಳಿಗೆಯ ಒಳಗೆ ಸುರುಳಿ ಸುರುಳಿ ಗೀರು ಕೊರೆದಿರ್ತಾರೆ. ಹತ್ತು ಇಂಚು ಮುಂದೆ ಹೋಗುವಷ್ಟರಲ್ಲಿ ಗುಂಡು ಒಂದು ಸುತ್ತು ತಿರುಗಿದರೆ ಅದು ಒಂದಕ್ಕೆ ಹತ್ತು ಟ್ವಿಸ್ಟ್. ಮಾಮೂಲಿ .22 ರೈಫಲಿನದು ಗಿಡ್ಡ ಗುಂಡು, ಅದಕ್ಕೆ ಹದಿನಾರು ಇಂಚಿಗೆ ಒಂದು ಸುತ್ತು ಸಾಕು. ಗುಂಡು ದಪ್ಪಕ್ಕಿಂತ ಉದ್ದ ಜಾಸ್ತಿ ಆದ ಹಾಗೆ ಸುತ್ತು ಬಿಗಿ ಆಗಬೇಕು. ಜನ ಇದನ್ನು ತೂಕದ ಲೆಕ್ಕದಲ್ಲಿ ಹೇಳ್ತಾರೆ, ಆದ್ರೆ ನಿಜವಾಗಿ ಅದು ಉದ್ದದ ಲೆಕ್ಕ. ಈಗ ಬರುವ ಬರೀ ತಾಮ್ರದ ಗುಂಡು ಸೀಸದ ಗುಂಡಿನಷ್ಟೇ ತೂಗಿದರೂ ಉದ್ದ ಜಾಸ್ತಿ, ಯಾಕಂದ್ರೆ ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅದಕ್ಕೆ ಇನ್ನೂ ಬಿಗಿ ಸುತ್ತು ಬೇಕು.

ಇದರ ಸೂತ್ರವನ್ನು 1879ರಲ್ಲೇ ಗ್ರೀನ್‌ಹಿಲ್ ಅಂತ ಒಬ್ಬ ಇಂಗ್ಲಿಷ್ ಗಣಿತದ ಮಾಸ್ತರು ಫಿರಂಗಿ ಗುಂಡಿಗಾಗಿ ಬರೆದಿಟ್ಟಿದ್ದ. ಗುಂಡಿನ ದಪ್ಪವನ್ನು ದಪ್ಪದಿಂದಲೇ ಗುಣಿಸಿ, 150ರಿಂದ ಗುಣಿಸಿ, ಉದ್ದದಿಂದ ಭಾಗಿಸು. ಎಲ್ಲಾ ಇಂಚಿನಲ್ಲಿ. ನಮ್ಮ ಮನವಿಯ ಗುಂಡಿನ ದಪ್ಪ .308, ಉದ್ದ ಒಂದೂಕಾಲು ಇಂಚು ಅಂತ ಹಿಡಿದರೆ ಉತ್ತರ ಹನ್ನೊಂದರ ಮೇಲೆ ಸ್ವಲ್ಪ. ಹತ್ತರ ಸುತ್ತು ಇದ್ದರೆ ಧಾರಾಳ. ಎಸ್ಸೆಸ್ಸೆಲ್ಸಿ ಗಣಿತ ಸಾಕು, ಮಾಡಿ ನೋಡಿ.

ಈಗ ಇದೇ ಲೆಕ್ಕವನ್ನು ನಮ್ಮ ಗದ್ದೆಗೆ ತನ್ನಿ. ಹಂದಿಯನ್ನು ನಾವು ಎಷ್ಟು ದೂರದಿಂದ ನೋಡ್ತೇವೆ? ಮಾಳದ ಮೇಲೆ ಕೂತವನಿಗೆ ಟಾರ್ಚಿನ ಬೆಳಕಲ್ಲಿ ಕಾಣುವುದು ಇಪ್ಪತ್ತು ಮೀಟರ್, ಹೆಚ್ಚಂದ್ರೆ ಮೂವತ್ತು. ಅದರಾಚೆ ಕಾಣುವುದು ಬರೀ ಕಣ್ಣಿನ ಹೊಳಪು, ಅದು ಹಂದಿಯೋ, ನಾಯಿಯೋ, ಪಕ್ಕದ ಮನೆಯ ಕರುವೋ ಗೊತ್ತಾಗೋದಿಲ್ಲ. ಮೂವತ್ತು ಮೀಟರ್ ಹೋಗುವಷ್ಟರಲ್ಲಿ ಹತ್ತರ ಟ್ವಿಸ್ಟಿನ ಗುಂಡು 118 ಸುತ್ತು ತಿರುಗ್ತದೆ, ಹನ್ನೆರಡರದ್ದು 98 ಸುತ್ತು. ಈ ಇಪ್ಪತ್ತು ಸುತ್ತಿನ ವ್ಯತ್ಯಾಸ ಹಂದಿಗೆ ಗೊತ್ತಾಗ್ತದಾ? ಟ್ವಿಸ್ಟ್ ಹೆಚ್ಚೋ ಕಡಿಮೆಯೋ ಅನ್ನುವ ಮಾತಿಗೆ ಬೆಲೆ ಬರುವುದು ಇನ್ನೂರು ಮುನ್ನೂರು ಮೀಟರಿನ ಮೇಲೆ. ಅಷ್ಟು ದೂರ ಕಣ್ಣು ಹಾಯುವ ಗದ್ದೆ ನಮ್ಮಲ್ಲಿ ಗಜನಿ ಬಯಲು ಬಿಟ್ಟರೆ ಮತ್ತೆಲ್ಲಿ ಅದೆ? ಗಜನಿಯ ಉಪ್ಪು ನೀರಿನ ಕಗ್ಗ ಭತ್ತಕ್ಕೆ ರೈಫಲ್ ಹಿಡಿದು ಕಾವಲು ಕೂರ್ತೇನೆ ಅಂತ ಮನವಿಯಲ್ಲೂ ಬರೆದಿಲ್ಲ.

ಇದು ಉಪಯೋಗದ ಮಾತಾಯ್ತು. ನನಗೆ ನಿಜವಾಗಿ ಹೆದರಿಕೆ ಇರುವುದು ಗುಂಡು ಹಂದಿಯನ್ನು ದಾಟಿದ ಮೇಲೆ ಏನಾಗ್ತದೆ ಅನ್ನೋದರ ಬಗ್ಗೆ.

.30-06 ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಎಂಟುನೂರು ಮೀಟರಿನ ಮೇಲಿನ ವೇಗ. ನಳಿಗೆ ಸ್ವಲ್ಪ ಮೇಲೆ ಎತ್ತಿ ಹೊಡೆದರೆ ಐದು ಕಿಲೋಮೀಟರಿನ ಹತ್ತಿರ ಹೋಗಿ ಬೀಳ್ತದೆ. ಚಿಕ್ಕದು ಅಂತ ನಾವು ತಾತ್ಸಾರ ಮಾಡುವ .22 ಕೂಡ ಎರಡು ಕಿಲೋಮೀಟರಿನ ತನಕ ಹೋಗಬಹುದು. ಈಗ ನಿಮ್ಮ ಗದ್ದೆಯ ಅಂಚಿನಲ್ಲಿ ನಿಂತು ಸುತ್ತ ಐದು ಕಿಲೋಮೀಟರ್ ಎಣಿಸಿ. ಬೆಟ್ಟದ ಬುಡಕ್ಕೂ ಸಮುದ್ರಕ್ಕೂ ನಡುವೆ ನಮ್ಮ ಊರುಗಳು ಸಾಲಾಗಿ ಅಂಟಿಕೊಂಡು ಕೂತಿವೆ. ಅವರ್ಸಾ, ಹಟ್ಟಿಕೇರಿ, ಬೇಲೆಕೇರಿ, ಅತ್ತ ಅಮದಳ್ಳಿ, ತೋಡೂರು, ಚೆಂಡಿಯಾ. ನಡುವೆ ಹೆದ್ದಾರಿ 66, ಕೊಂಕಣ ರೈಲು. ನಸುಕಿನ ನಾಲ್ಕು ಗಂಟೆಗೆ ಮೀನಿಗೆ ಹೊರಡುವವರು, ಹಾಲು ಹಾಕಲು ಹೋಗುವ ಹೆಂಗಸರು. ಹಂದಿ ಬರುವ ಹೊತ್ತೂ ಅದೇ. ಗದ್ದೆಯ ಹಾಳಿ ಮೇಲೆ ನಿಂತ ಹಂದಿಯ ಹಿಂದೆ ಏನದೆ? ಬರೀ ಕತ್ತಲೆ. ಆ ಕತ್ತಲೆಯ ಹಿಂದೆ ಯಾರ ಮನೆ?

"ಸಾಫ್ಟ್ ನೋಸ್ ಗುಂಡು ಹಂದಿಯ ಒಳಗೇ ಅರಳಿ ನಿಲ್ತದೆ" ಅಂತಾರೆ. ಅರಳ್ತದೆ, ಒಪ್ಪಿದೆ. ಮೂತಿಯಲ್ಲಿ ಸೀಸ ಕಾಣುವ ಗುಂಡು ಮಾಂಸಕ್ಕೆ ಬಡಿದ ಕೂಡಲೇ ಅಣಬೆಯ ಹಾಗೆ ಅಗಲ ಆಗ್ತದೆ, ಪೂರಾ ತಾಮ್ರದ ಹೊದಿಕೆಯದು ಸೂಜಿಯ ಹಾಗೆ ದಾಟಿ ಹೋಗ್ತದೆ. ಗಂಡು ಹಂದಿಯ ಭುಜದ ಮೇಲೆ ಗಟ್ಟಿ ಚರ್ಮದ ಪದರ ಇರ್ತದೆ, ಎದುರಿಂದ ಹೊಡೆದವರಿಗೆ ಅದು ಗೊತ್ತು. ಅಲ್ಲಿ ಬಡಿದರೆ ಒಳಗೇ ನಿಂತರೂ ನಿಂತೀತು. ಆದ್ರೆ ಹೊಟ್ಟೆಗೆ ಬಿದ್ದರೆ? ತಾಗದೇ ಹೋದರೆ? ಕತ್ತಲೆಯಲ್ಲಿ ಹೊಡೆದದ್ದರಲ್ಲಿ ತಾಗದ್ದೇ ಹೆಚ್ಚು. ತಪ್ಪಿದ ಗುಂಡು ಅರಳೋದಿಲ್ಲ ಮಾರಾಯ್ರೆ, ಹೋಗ್ತದೆ. ಚಿರೆಕಲ್ಲಿನ ಪಾಗಾರಕ್ಕೋ ಬಂಡೆಗೋ ತಾಗಿದರೆ ಯಾವ ಕಡೆ ಹಾರ್ತದೆ ಅಂತ ಯಾರೂ ಹೇಳೋದಕ್ಕಾಗೋದಿಲ್ಲ. ಹಂದಿ ಅಂತ ಹೊಡೆದ ಈಡು ಮನುಷ್ಯನಿಗೆ ತಾಗಿದ ಸುದ್ದಿ ಘಟ್ಟದ ಮೇಲಿನಿಂದ ಬರ್ತಾನೇ ಇರ್ತದೆ. ಅದು ಮೂವತ್ತು ಮೀಟರಿನ ಕೋವಿಯಲ್ಲಿ. ಐದು ಕಿಲೋಮೀಟರಿನದನ್ನು ಊರಿಗೆ ಹತ್ತು ಹಂಚಿದರೆ ಏನಾಗಬಹುದು ಅಂತ ಸಹಿ ಹಾಕಿದವರು ಯೋಚಿಸಿ.

ಹಾಗಾದ್ರೆ ನಮ್ಮ ನುಣುಪು ನಳಿಗೆಯ ಕೋವಿ ಕೆಲಸಕ್ಕೆ ಬಾರದ್ದಾ? ಅಲ್ಲ. ಅದನ್ನು ಅರ್ಥ ಮಾಡಿಕೊಂಡವರು ಕಡಿಮೆ, ಅಷ್ಟೇ.

ಹನ್ನೆರಡು ಬೋರು ಅಂತ ಹೆಸರು ಬಂದದ್ದು ಯಾಕೆ ಗೊತ್ತಾ? ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಯಾಗಿ ಕೂರುವ ಹನ್ನೆರಡು ಉರುಟು ಗುಂಡು ಆಗ್ತದೆ ಅಂತ. ಅಂದ್ರೆ ಒಂದು ಗುಂಡು ಸುಮಾರು 38 ಗ್ರಾಂ. ಗ್ರೇನಿನಲ್ಲಿ ಹೇಳಿದರೆ 583. ಮನವಿಯ ರೈಫಲ್ ಗುಂಡು 180. ಮೂರು ಪಟ್ಟು ಭಾರದ ಗುಂಡು, ಉರುಟು ಆದ್ದರಿಂದ ಟ್ವಿಸ್ಟ್ ಬೇಡ, ಕವಣೆ ಕಲ್ಲಿನ ಹಾಗೆ ಹೋಗ್ತದೆ. ನಲವತ್ತು ಮೀಟರ್ ದಾಟಿದ ಮೇಲೆ ಅಲ್ಲಿ ಇಲ್ಲಿ ಅಲೆಯಲು ಶುರು ಮಾಡ್ತದೆ, ಸರಿ. ಅದರಾಚೆ ನಮಗೆ ಕೆಲಸವೂ ಇಲ್ಲ. ಒಂದು ಎಚ್ಚರಿಕೆ: ತುದಿಯಲ್ಲಿ ಬಿಗಿ ಮಾಡಿದ ನಳಿಗೆಗೆ, ಅಂದ್ರೆ ಫುಲ್ ಚೋಕ್ ಇದ್ದದ್ದಕ್ಕೆ, ಬೋರಿನ ಅಳತೆಯ ಉರುಟು ಗುಂಡು ಹಾಕಬಾರದು, ನಳಿಗೆ ಒಡೀತದೆ. ಹಳೆಯ ಜೋಡು ನಳಿಗೆಯಲ್ಲಿ ಎಡದ್ದು ಸಾಮಾನ್ಯವಾಗಿ ಬಿಗಿ ಇರ್ತದೆ. ಗೊತ್ತಿಲ್ಲದಿದ್ರೆ ಗೊತ್ತಿದ್ದವರಿಗೆ ತೋರಿಸಿ.

ಚರೆಯ ಲೆಕ್ಕ ಇದಕ್ಕಿಂತ ಮುಖ್ಯ, ನಮ್ಮವರು ತಪ್ಪುವುದೇ ಅಲ್ಲಿ. ಚೋಕ್ ಇಲ್ಲದ ನಳಿಗೆಯಿಂದ ಚರೆ ಗಜಕ್ಕೆ ಸುಮಾರು ಒಂದು ಇಂಚಿನಂತೆ ಹರಡ್ತದೆ. ಮೂವತ್ತು ಗಜದಲ್ಲಿ ಮೂವತ್ತು ಇಂಚಿನ ವೃತ್ತ. ಎಸ್‌ಜಿ ಚರೆ ಔನ್ಸಿಗೆ ಎಂಟು. ಹಂದಿಯ ಜೀವ ಇರುವ ಜಾಗ, ಎದೆಗೂಡು, ಹನ್ನೆರಡು ಇಂಚು ಅಂತ ಹಿಡಿಯಿರಿ. ಆ ಮೂವತ್ತು ಇಂಚಿನ ವೃತ್ತದಲ್ಲಿ ಹನ್ನೆರಡು ಇಂಚಿನ ಪಾಲು ಆರರಲ್ಲಿ ಒಂದು. ಅಂದ್ರೆ ಎಂಟರಲ್ಲಿ ಒಂದೋ ಎರಡೋ ಚರೆ ತಾಗ್ತದೆ, ಉಳಿದದ್ದು ಹೊಟ್ಟೆ, ಕಾಲು, ಗಾಳಿ. ಹಂದಿ ಅರಚ್ತಾ ಬೆಟ್ಟಕ್ಕೆ ಓಡ್ತದೆ, ಹುಳ ಬಿದ್ದು ಎಂಟು ದಿನಕ್ಕೆ ಸಾಯ್ತದೆ, ಇಲ್ಲಾ ಮರುದಿನ ಸೊಪ್ಪಿಗೆ ಹೋದವರ ಮೇಲೆ ಬೀಳ್ತದೆ. ಅದೇ ಹದಿನೈದು ಗಜದಲ್ಲಿ ವೃತ್ತ ಹದಿನೈದು ಇಂಚು, ಎಂಟರಲ್ಲಿ ಐದು ಎದೆಗೇ. ಕೋವಿ ಅದೇ, ಚರೆ ಅದೇ. ಬದಲಾದದ್ದು ಹದಿನೈದು ಗಜ. ಮಾಳವನ್ನು ಹಂದಿ ದಾರಿಗೆ ಹತ್ತಿರ ಕಟ್ಟುವುದು ಟ್ವಿಸ್ಟ್ ರೇಟಿಗಿಂತ ದೊಡ್ಡ ವಿದ್ಯೆ. ಮಾಳದ ಮೇಲಿಂದ ಕೆಳಗೆ ಹೊಡೆದರೆ ತಪ್ಪಿದ್ದು ಕೆಸರಿಗೆ ಹೋಗಿ ನಿಲ್ತದೆ, ಅದು ಇನ್ನೊಂದು ಲಾಭ. ದಾರಿ ತಪ್ಪಿದರೂ ಎಸ್‌ಜಿ ಚರೆ ಹೋಗುವುದು ಅರ್ಧ ಕಿಲೋಮೀಟರಿನ ಲೆಕ್ಕ, ಐದಲ್ಲ.

ಇನ್ನು "ರೈಫಲ್ಡ್ ಸ್ಲಗ್" ಅಂತ ಒಂದು ಮಾತು ಕೇಳ್ತೇನೆ. ಸ್ಲಗ್ಗಿನ ಮೈಮೇಲೆ ಗೀರು ಇರ್ತದೆ, ಅದು ನುಣುಪು ನಳಿಗೆಯಲ್ಲೂ ತಿರುಗ್ತದೆ, ರೈಫಲಿನ ಹಾಗೆ ಆಗ್ತದೆ ಅಂತ. ಹಾಗಲ್ಲ. 1898ರ ಜರ್ಮನಿಯ ಬ್ರೆನೆಕೆ ಆಗಲಿ, 1931ರ ಅಮೆರಿಕದ ಫಾಸ್ಟರ್ ಆಗಲಿ, ಎರಡರಲ್ಲೂ ಭಾರ ಮುಂದೆ, ಹಿಂದೆ ಹಗುರ. ಶಟಲ್ ಕಾಕ್ ಹೇಗೆ ಮೂತಿ ಮುಂದಿಟ್ಟುಕೊಂಡು ಹೋಗ್ತದೋ ಹಾಗೆ ಹೋಗ್ತವೆ. ಆ ಗೀರು ಇರುವುದು ಚೋಕಿನಲ್ಲಿ ನುಸುಳಿ ಹೊರಗೆ ಬರುವಾಗ ಸೀಸ ಒತ್ತಿಕೊಳ್ಳಲು ಜಾಗ ಇರಲಿ ಅಂತ. ಸುತ್ತುವುದು ಲೆಕ್ಕಕ್ಕಿಲ್ಲದಷ್ಟು.

ಈಗ ಕಾನೂನಿಗೆ ಬರ್ತೇನೆ. ಮನವಿ ಬರೆದವರು ಇದನ್ನು ಓದಿದ್ದರೆ ರೈಫಲ್ ಅಂತ ಬರೀತಾನೇ ಇರಲಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು, 3ನೇ ಉಪಕಲಮು ತೆಗೆದು ನೋಡಿ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ, ಅಂದ್ರೆ ನಮ್ಮ ಕೇಪಿನ ಕೋವಿ, ಅದಕ್ಕೆ ಲೈಸೆನ್ಸ್ ಕೊಡತಕ್ಕದ್ದು ಅಂತ ಅದೆ. ಅದರ ಕೆಳಗೆ ಒಂದು ಷರತ್ತು: ಕೇಪಿನ ಕೋವಿ ಬೆಳೆ ರಕ್ಷಣೆಗೆ ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ, ಇಪ್ಪತ್ತು ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ಬೇರೆ ನುಣುಪು ನಳಿಗೆ ಕೋವಿಗೂ ಲೈಸೆನ್ಸ್ ಕೊಡಬಹುದು. ಬೇರೆ ಅಂದ್ರೆ ತೋಟೆ ಕೋವಿ, ಹಿಂದಿನಿಂದ ಮುರಿದು ಕಾಟ್ರಿಜ್ ಹಾಕುವುದು. ಈ ಬೆಳೆ ರಕ್ಷಣೆಯ ಸಾಲಿನಲ್ಲಿ ರೈಫಲಿನ ಹೆಸರೇ ಇಲ್ಲ. ಬೆಳೆ ರಕ್ಷಣೆಗೆ ರೈಫಲ್ ಕೊಡಿ ಅಂತ ಡಿಸಿ ಆಫೀಸಿಗೆ ಹೋದರೆ ಗುಮಾಸ್ತನೇ ಕಾಗದ ವಾಪಸ್ ಕೊಡ್ತಾನೆ. ಅವನಿಗೂ ಸುಲಭ. "ರೈತರು ಏನೋ ಕೇಳಿದ್ರು, ಕಾನೂನಲ್ಲಿ ಇಲ್ಲ" ಅಂತ ಫೈಲು ಮುಗೀತದೆ. ತೋಟೆ ಕೋವಿ ಕೇಳಿದರೆ ಹಾಗೆ ಹೇಳಲಿಕ್ಕೆ ಬರೋದಿಲ್ಲ, ಯಾಕೆ ಕೊಡೋದಿಲ್ಲ ಅಂತ ಅವರೇ ಬರೆದು ಕೊಡಬೇಕು.

ಕೇಪಿನ ಕೋವಿ ಸಾಲದು ಅಂತ ಮನವರಿಕೆ ಮಾಡುವುದು ಕಷ್ಟವೂ ಅಲ್ಲ. ಜುಲೈ ತಿಂಗಳ ನಮ್ಮ ಮಳೆಯಲ್ಲಿ ಕರಿಮದ್ದು ಬೆವರ್ತದೆ, ಕೇಪು ಹಸಿಯಾಗ್ತದೆ, ಕುದುರೆ ಬಿದ್ದರೆ ಟಪ್ ಅಂತದೆ, ಈಡು ಹಾರೋದಿಲ್ಲ. ಹಾರದ ಕೋವಿ ಅರೆಗಳಿಗೆ ಬಿಟ್ಟು ಹಾರುವುದೂ ಉಂಟು, ಅಷ್ಟರಲ್ಲಿ ನಳಿಗೆ ಯಾರ ಕಡೆ ತಿರುಗಿರ್ತದೋ. ಎರಡನೇ ಈಡು ತುಂಬಲು ಮದ್ದು, ನಾರು, ಚರೆ, ಗಜ ಹಾಕಿ ಕುಟ್ಟಿ, ಕೇಪು ಇಟ್ಟು, ಅಷ್ಟರಲ್ಲಿ ಹಂದಿ ಹೊಳೆ ದಾಟಿರ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇದು: ಒಮ್ಮೆ ತುಂಬಿದ ಕೇಪಿನ ಕೋವಿಯನ್ನು ಖಾಲಿ ಮಾಡಲು ಹೊಡೆಯುವುದೊಂದೇ ಸುಲಭದ ದಾರಿ. ರಾತ್ರಿ ಹಂದಿ ಬರಲಿಲ್ಲ, ಬೆಳಗ್ಗೆ ಯಾರು ಮದ್ದು ಹಾಳು ಮಾಡ್ತಾರೆ? ತುಂಬಿದ್ದನ್ನೇ ತಂದು ಮೂಲೆಗೆ ಒರಗಿಸ್ತಾರೆ. ಮನೆಯಲ್ಲಿ ಮೊಮ್ಮಕ್ಕಳು ಆಡ್ತಿರ್ತಾರೆ. ತೋಟೆ ಕೋವಿಯಾದ್ರೆ ಮುರಿದು ಎರಡು ತೋಟೆ ಎಳೆದು ಕಿಸೆಗೆ ಹಾಕಿದರೆ ಮುಗೀತು, ಉಳಿದದ್ದು ಬರೀ ಕಬ್ಬಿಣದ ಕೊಳವೆ. ಬಡ ರೈತನಿಗೆ ಇರುವುದರಲ್ಲೇ ಅಪಾಯದ ಕೋವಿಯನ್ನು ಮೊದಲು ಕೊಡುವ ಕಾಯ್ದೆ ಇದು. ನಮ್ಮ ಸಿಟ್ಟು ಇರಬೇಕಾದ್ದು ಇದರ ಮೇಲೆ. ಅದನ್ನು ಬಿಟ್ಟು ಟ್ವಿಸ್ಟ್ ರೇಟಿನ ಬೆನ್ನು ಹತ್ತಿದ್ದೇವೆ.

ಇನ್ನೊಂದು ವಿಷಯ, ಇದನ್ನು ಹೇಳಿದರೆ ಯಾರಿಗೂ ಇಷ್ಟ ಆಗೋದಿಲ್ಲ. ಕೋವಿಯ ಲೈಸೆನ್ಸ್ ಅಂದ್ರೆ ಹಂದಿ ಕೊಲ್ಲುವ ಲೈಸೆನ್ಸ್ ಅಲ್ಲ. 2022ರ ತಿದ್ದುಪಡಿ ಆದಮೇಲೆ ಹಂದಿ ಎರಡನೇ ಶೆಡ್ಯೂಲಿನಲ್ಲಿ ಅದೆ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು 11ನೇ ಕಲಮಿನ ಕೆಳಗೆ ಲಿಖಿತ ಅನುಮತಿ ಬೇಕು. ಅದಿಲ್ಲದೆ ಕೋವಿ ಇರುವುದು ಗಾಳಿಗೆ ಈಡು ಹಾರಿಸಿ ಓಡಿಸಲು. ಸದ್ದಿಗೆ ಟ್ವಿಸ್ಟ್ ಬೇಕಾಗೋದಿಲ್ಲ. ಮಂಗ ಅಂತೂ ಈಗ ಮೊದಲನೇ ಶೆಡ್ಯೂಲು, ಹುಲಿಯ ಸಾಲಿನಲ್ಲಿ ಕೂತದೆ. ಛರ್ರೆ ಗನ್ನಿನಿಂದ ಮಂಗನ ಕಣ್ಣು ಒಡೆಯುವ ಹುಡುಗರು ಇದನ್ನು ತಿಳಿದಿರಲಿ. ಕೇರಳದಲ್ಲಿ 2022ರಲ್ಲಿ ಹಂದಿ ಹೊಡೆಯುವ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರಿಗೇ ಕೊಟ್ಟರು. ಅಲ್ಲಿಯ ರೈತರು ಕೋವಿಯ ನಂಬರು ಚರ್ಚೆ ಮಾಡ್ತಾ ಕೂರಲಿಲ್ಲ, ಅನುಮತಿಯ ದಾರಿ ಹತ್ತಿರ ಮಾಡಿ ಅಂತ ಗಂಟು ಬಿದ್ದರು. ಅದು ಕೇಳುವ ಕ್ರಮ.

ಕದ್ರಾ, ಮಲ್ಲಾಪುರ ಕಡೆಯವರು ಇನ್ನೊಂದು ನೋಡಿಕೊಳ್ಳಿ. ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ ಹೊಸ ಲೈಸೆನ್ಸ್ ಕೊಡಬೇಕಾದ್ರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು, ವನ್ಯಜೀವಿ ಕಾಯ್ದೆಯ 34ನೇ ಕಲಮು. ಕಾಳಿ ಹುಲಿ ಕಾಡಿನ ಗಡಿಯಿಂದ ನಿಮ್ಮ ಊರು ಎಷ್ಟು ದೂರ ಅಂತ ಅಳೆದು ಬರೆಯಿರಿ. ಹುಲಿ ಕಾಡಿನ ಅಂಚಿಗೆ ಬೋಲ್ಟ್ ಆಕ್ಷನ್ ರೈಫಲ್ ಕೇಳಿದರೆ ಆ ಒಪ್ಪಿಗೆ ಬರ್ತದೆ ಅಂತ ನಂಬುವವರು ನನಗೆ ತಿಳಿಸಿ.

ಚುನಾವಣೆಯ ಕಥೆ ಬೇರೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮ ಜಿಲ್ಲೆಯ ಮತದಾನ ಮೇ 7, ಎಣಿಕೆ ಜೂನ್ 4. ಶೇಂಗಾ, ಗೆಣಸು, ಬಾಳೆ ಎಲ್ಲಾ ಇರುವ ಕಾಲ. ಕೋವಿ ಠೇವಣಿ ಇಡಿಸುವಾಗ ಸ್ಕ್ರೀನಿಂಗ್ ಕಮಿಟಿ ಒಬ್ಬೊಬ್ಬರ ವಿಷಯ ನೋಡಿ ತೀರ್ಮಾನ ಮಾಡಬೇಕು ಅಂತ ಆಯೋಗದ ಸೂಚನೆಯೇ ಅದೆ. ಎಲ್ಲರದ್ದೂ ಸಾರಾಸಗಟು ಇಡಿಸಿದರೆ ಆ ಸೂಚನೆಯ ಪ್ರತಿ ಹಿಡಿದು ಅರ್ಜಿ ಕೊಡಿ. ಕೊಡಗಿನವರಿಗೆ ಲೈಸೆನ್ಸೇ ಬೇಡ ಅಂತ ವಿನಾಯಿತಿ ಅದೆ, 2029ರ ತನಕ ವಿಸ್ತರಣೆಯೂ ಆಗಿದೆ. ಅದನ್ನು ನಮಗೂ ಕೊಡಿ ಅನ್ನುವವರಿದ್ದಾರೆ. ಅವರದ್ದು ಜಮ್ಮಾ ಭೂಮಿ, ಜನಾಂಗದ ಹಕ್ಕಿನ ಹಳೆಯ ಲೆಕ್ಕ. ನಮಗೆ ಆ ದಾರಿ ಇಲ್ಲ, ಅದರ ಮೇಲೆ ಸಮಯ ಕಳೆಯಬೇಡಿ.

ನಾನು ಬೇರೆ ಮನವಿ ಬರೆದಿದ್ದೇನೆ, ಒಂದೂವರೆ ಪುಟ. ರೈಫಲ್ ಅನ್ನುವ ಶಬ್ದ ಅದರಲ್ಲಿಲ್ಲ. 13(3)ರ ಷರತ್ತಿನ ಕೆಳಗೆ ಕೇಪಿನ ಕೋವಿಯ ಬದಲು ಹನ್ನೆರಡು ಬೋರಿನ ತೋಟೆ ಕೋವಿ, ಈಗ ಕೇಪಿನ ಕೋವಿ ಇದ್ದವರಿಗೆ ಅದನ್ನು ಒಪ್ಪಿಸಿ ಬದಲಾಯಿಸಿಕೊಳ್ಳುವ ಅವಕಾಶ, ಮತ್ತೆ ಹಂದಿಯ ಅನುಮತಿ ಅರ್ಜಿಗೆ ಇಷ್ಟು ದಿನದೊಳಗೆ ಹೌದೋ ಅಲ್ಲವೋ ಅಂತ ಲಿಖಿತ ಉತ್ತರ. ಸಹಿ ಹಾಕುವವರು ಪಹಣಿ, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಹಾಳಾದ ಬೆಳೆಯ ತಾರೀಕು ಇರುವ ಫೋಟೋ ಜೊತೆಗಿಡಿ. ಹಳೆಯ ಲೈಸೆನ್ಸ್ ಇದ್ದವರು ಅದರ ಮೊದಲ ಪುಟದ ಝೆರಾಕ್ಸ್ ತನ್ನಿ. ರೈಫಲ್ ಮನವಿಗೆ ಸಹಿ ಹಾಕಿದವರೂ ಬರಬಹುದು, ಎರಡನ್ನೂ ಒಟ್ಟಿಗೆ ಕೊಡಬೇಡಿ ಅಷ್ಟೇ, ಆಫೀಸಿನವರು ಎರಡನ್ನೂ ಒಂದೇ ಫೈಲಿಗೆ ಸೇರಿಸಿ ಎರಡಕ್ಕೂ ಒಂದೇ "ಇಲ್ಲ" ಬರೀತಾರೆ.